ರಾಗಿಯ ಸಿಪ್ಪೆ, ಮೆಂತ್ಯದ ಲೋಳೆ ಮತ್ತು ರಕ್ತದ ಸಕ್ಕರೆ

ಕೋಲಾರದ ಕಡೆಯ ಮನೆಗಳಲ್ಲಿ ಮಧುಮೇಹವಿರುವವರಿಗಾಗಿ ಮುದ್ದೆ ಮಾಡುವಾಗ ರಾಗಿಹಿಟ್ಟನ್ನು ನಯವಾಗಿ ಜರಡಿಯಾಡಿ ಹೊಟ್ಟನ್ನು ಎಸೆಯಬಾರದು. ಪಿಷ್ಟವನ್ನು ಗ್ಲೂಕೋಸ್ ಆಗಿ ಒಡೆಯುವ ಕಿಣ್ವಗಳ ವೇಗವನ್ನು ತಗ್ಗಿಸಬಲ್ಲ, ಸಸ್ಯಗಳಲ್ಲಿನ ಸಂಯುಕ್ತಗಳಾದ ಪಾಲಿಫಿನಾಲ್‌ಗಳು ಹೆಚ್ಚಾಗಿರುವುದು ಕಾಳಿನ ಆ ಕೆಂಪು ಸಿಪ್ಪೆಯಲ್ಲಿಯೇ. ಆದರೂ ಮುದ್ದೆಯ ಬಹುಪಾಲು ಪಿಷ್ಟವೇ ಆದ್ದರಿಂದ ಅದರ ಗಾತ್ರ ಚಿಕ್ಕದಿರಲಿ, ಬಸ್ಸಾರಿನ ಜೊತೆಗಿನ ಸೊಪ್ಪಿನ ಪಲ್ಯ ಧಾರಾಳವಾಗಿರಲಿ.

ಒಂದು ಚಮಚ ಮೆಂತ್ಯವನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ನೀರಿನೊಂದಿಗೆ ಕಾಳನ್ನೂ ಅಗಿದು ತಿನ್ನಬೇಕು. ಬೆರಳಿಗೆ ಜಾರುವ ಅದರ ಲೋಳೆಯಲ್ಲಿರುವ ಗ್ಯಾಲಕ್ಟೋಮನ್ನನ್ ಎಂಬ ನಾರು, ಕರುಳಿನಿಂದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ.

ಜೀವಕೋಶದ ವ್ಯವಹಾರ ಇನ್ನೂ ಸೂಕ್ಷ್ಮವಾದದ್ದು. ಇನ್ಸುಲಿನ್ ಸೂಚನೆ ಕೊಟ್ಟಾಗ ಸ್ನಾಯುಕೋಶದೊಳಗಿನ ಗ್ಲುಟ್-4 ಎಂಬ ಪ್ರೋಟೀನು ಹೊರಪೊರೆಗೆ ಬಂದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಊಟದ ನಂತರದ ನಡಿಗೆಯೂ ಇನ್ಸುಲಿನ್ನಿನ ನೆರವಿಲ್ಲದೆ ಇದನ್ನೇ ಮಾಡಿಸುತ್ತದೆ. ಮರದರಿಶಿನ ಎಂಬ ಔಷಧೀಯ ಬಳ್ಳಿಯಲ್ಲಿರುವ ಬರ್ಬರೀನ್ ಎಂಬ ಸಂಯುಕ್ತವು ಎಎಂಪಿಕೆ ಎಂಬ ಕಿಣ್ವವನ್ನು ಚುರುಕುಗೊಳಿಸಿ ಈ ಕೆಲಸಕ್ಕೆ ನೆರವಾಗುವುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆಯಾದರೂ, ಇತರ ಔಷಧಗಳ ಪರಿಣಾಮವನ್ನು ಅದು ಬದಲಿಸಬಲ್ಲದಾದ್ದರಿಂದ ವೈದ್ಯರನ್ನು ಕೇಳದೆ ಮರದರಿಶಿನದ ಕಷಾಯ ಕುಡಿಯುವುದು ಸಲ್ಲದು.

ಪರಿಣಾಮ ತಿಳಿಯಲು ಊಟ ಆರಂಭಿಸಿದ 2 ಗಂಟೆಗೆ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಕೆಳಗಿಳಿದು ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಸಿ.