‘ಒಳಗೆ’ ಅಂದರೆ ಎಷ್ಟು ಒಳಗೆ? ಮೇಜಿನ ಯುದ್ಧದಾಟದಲ್ಲಿ ನಿಯಮದ ತಕರಾರು ಬಗೆಹರಿಸುವ ಕ್ರಮ

ಬದಿಯಡ್ಕದ ಹತ್ತಿರ ನಾವು ನಾಲ್ಕೈದು ಜನ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ವಾರ್‌ಹ್ಯಾಮರ್ 40,000 ಆಡಲು ಕೂರುತ್ತೇವೆ. ಸಣ್ಣ ಗೊಂಬೆಗಳ ಸೈನ್ಯ ಇಟ್ಟು, ಟೇಪಿನಲ್ಲಿ ಅಳೆದು, ದಾಳ ಎಸೆದು ಆಡುವ ಯುದ್ಧದಾಟ ಅದು. ಜಗಲಿಯಲ್ಲಿ ಎರಡು ಮೇಜು ಸೇರಿಸಿದರೆ ರಣರಂಗ ಆಯಿತು. ಗೋಡೆಗಳು ಥರ್ಮೋಕೋಲಿನವು, ಗುಡ್ಡ ಅಂದರೆ ಕವುಚಿ ಹಾಕಿದ ಗೆರಟೆ. ಆಟಕ್ಕೆ ಮೂರು ಗಂಟೆ ಬೇಕು. ಅದರಲ್ಲಿ ಒಂದು ಗಂಟೆ ‘ಅದು ಹಾಗಲ್ಲ ಮಾರಾಯಾ’ ಅನ್ನುವುದರಲ್ಲೇ ಹೋದರೆ ಬೇಜಾರಾಗುತ್ತದೆ ಅಲ್ವಾ?

ನಾನು ನೋಡಿದ ಮಟ್ಟಿಗೆ ನಮ್ಮ ತಕರಾರುಗಳು ಮೋಸದಿಂದ ಹುಟ್ಟುವುದು ಕಡಿಮೆ. ಪುಸ್ತಕ ಇಂಗ್ಲಿಷಿನಲ್ಲಿದೆ, ನಾವು ಆಡುವುದು ಕನ್ನಡದಲ್ಲಿ, ನಡುವೆ ತುಳು, ಮಲಯಾಳವೂ ಬರುತ್ತದೆ. ನಿಯಮವನ್ನು ಬಾಯಲ್ಲಿ ಹೇಳುವಾಗ ಅರ್ಧ ಅಲ್ಲೇ ಉದುರಿ ಹೋಗುತ್ತದೆ. ‘ವಿದಿನ್’ ಅಂದರೂ ಒಳಗೆ, ‘ಹೋಲ್ಲಿ ವಿದಿನ್’ ಅಂದರೂ ಒಳಗೆ. ಆದರೆ ಮೊದಲನೆಯದಕ್ಕೆ ಗೊಂಬೆಯ ಕಾಲಡಿಯ ತಟ್ಟೆಯ, ಅಂದರೆ ಬೇಸ್‌ನ ಒಂದು ಅಂಚು ಆ ಅಳತೆಗೆ ತಾಗಿದರೂ ಸಾಕು, ಎರಡನೆಯದಕ್ಕೆ ಇಡೀ ಬೇಸ್ ಒಳಗೆ ಬರಬೇಕು. ಆಟದ ಶುರುವಿನಲ್ಲಿ ಸೈನ್ಯ ಇಡುವಾಗ ನಮ್ಮ ವಲಯದ ಪೂರ್ತಿ ಒಳಗೆ ಇಡಬೇಕು, ಆಬ್ಜೆಕ್ಟಿವ್ (ಅಂಕಕ್ಕಾಗಿ ಹಿಡಿಯಬೇಕಾದ ಗುರುತಿನ ಜಾಗ) ಹಿಡಿಯಲು ಅದರ ಮೂರು ಇಂಚಿನ ‘ಒಳಗೆ’ ಇದ್ದರಾಯಿತು. ಒಂದೇ ಆಟದಲ್ಲಿ ಎರಡು ಒಳಗೆ! ಇದೇ ವಿಷಯಕ್ಕೆ ನಾವು ಒಂದಿಡೀ ಸಂಜೆ ಕಳೆದುಕೊಂಡಿದ್ದೇವೆ, ಇಬ್ಬರೂ ಸರಿಯಾದ ನಿಯಮವನ್ನೇ ಹೇಳುತ್ತಿದ್ದರು, ಆದರೆ ಬೇರೆ ಬೇರೆ ನಿಯಮವನ್ನು.

ಹಾಗಾಗಿ ತಕರಾರು ಬಂದ ಕೂಡಲೇ ಮೊದಲ ಕೆಲಸ, ಮೇಜಿನಿಂದ ಕೈ ತೆಗೆಯಿರಿ. ಗೊಂಬೆ, ದಾಳ, ಟೇಪು ಯಾವುದನ್ನೂ ಮುಟ್ಟಬೇಡಿ. ಗೊಂಬೆ ಒಮ್ಮೆ ಜರುಗಿತೆಂದರೆ ಆಮೇಲೆ ಅದು ಮೊದಲು ಎಲ್ಲಿತ್ತು ಅನ್ನುವುದೇ ಇನ್ನೊಂದು ಜಗಳವಾಗುತ್ತದೆ.

ಎರಡನೆಯದು, ಆ ವಾಕ್ಯವನ್ನು ಪುಸ್ತಕದಲ್ಲಿ ಇದ್ದ ಹಾಗೆಯೇ, ಇಂಗ್ಲಿಷಿನಲ್ಲೇ, ಗಟ್ಟಿಯಾಗಿ ಓದಿ. ಓದುವವರು ಎದುರಾಳಿಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ತನ್ನ ಬಾಯಿಂದಲೇ ಓದಿದ್ದನ್ನು ಮನುಷ್ಯ ಬೇಗ ಒಪ್ಪುತ್ತಾನೆ. ಕನ್ನಡದ ವಿವರಣೆ ಆಮೇಲೆ. ‘ಮಾಡಬಹುದು’ ಅಂತ ಇದೆಯೋ ‘ಮಾಡಲೇಬೇಕು’ ಅಂತ ಇದೆಯೋ ನೋಡಿ. ಒಂದು ಗೊಂಬೆಗೋ, ಇಡೀ ತುಕಡಿಗೋ ನೋಡಿ. ದಾಳ ಮತ್ತೆ ಎಸೆಯುವ ಅವಕಾಶವೂ ಇದೆ, ಒಂದು ಕೂಡಿಸುವುದೂ ಇದೆ ಅಂತಾದರೆ ವಾರ್‌ಹ್ಯಾಮರಿನಲ್ಲಿ ಮತ್ತೆ ಎಸೆಯುವುದು ಮೊದಲು, ಕೂಡಿಸುವುದು ಕಳೆಯುವುದು ಆಮೇಲೆ.

ಮೂರನೆಯದು ನಿಯಮ ಪುಸ್ತಕದ ಆವೃತ್ತಿ. ಎಂಟನೆಯದು 2017ರಲ್ಲಿ ಬಂತು, ಒಂಬತ್ತನೆಯದು 2020ರಲ್ಲಿ, ಹತ್ತನೆಯದು 2023ರಲ್ಲಿ. ಹಳೆಯ ಆಟಗಾರರ ತಲೆಯಲ್ಲಿ ಇವೆಲ್ಲ ಕಲಸಿಕೊಂಡಿರುತ್ತವೆ. ತುಕಡಿಯ ಗೊಂಬೆಗಳು ಒಂದಕ್ಕೊಂದು ಎರಡು ಇಂಚಿನ ಒಳಗೆ ಇರಬೇಕು ಅನ್ನುವ ನಿಯಮ ತೆಗೆದುಕೊಳ್ಳಿ. ತುಕಡಿ ದೊಡ್ಡದಾದರೆ ಪ್ರತಿ ಗೊಂಬೆಗೂ ಹತ್ತಿರ ಇನ್ನೆರಡು ಗೊಂಬೆ ಬೇಕು. ಒಂಬತ್ತರಲ್ಲಿ ಆರು ಗೊಂಬೆಗಳಿಂದ ‘ದೊಡ್ಡದು’, ಹತ್ತರಲ್ಲಿ ಏಳರಿಂದ. ಆರು ಗೊಂಬೆಯ ತುಕಡಿ ಇಟ್ಟುಕೊಂಡು ಇಬ್ಬರು ವಾದ ಮಾಡುತ್ತಿದ್ದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಒಬ್ಬರ ನೆನಪು ಹಳೆಯದು, ಅಷ್ಟೇ. ‘ನಿಮಗೆ ಗೊತ್ತಿಲ್ಲ’ ಅನ್ನುವ ಬದಲು ‘ಇದು ಯಾವ ಆವೃತ್ತಿಯದ್ದು?’ ಎಂದು ಕೇಳಿ. ಮಾತಿನ ಬಿಸಿ ಅಲ್ಲಿಗೇ ಇಳಿಯುತ್ತದೆ.

ಇಷ್ಟಕ್ಕೆಲ್ಲ ಎರಡು ಮೂರು ನಿಮಿಷ ಕೊಡಿ, ಜಾಸ್ತಿ ಬೇಡ. ಉತ್ತರ ಸಿಗಲಿಲ್ಲವೇ? ಒಬ್ಬೊಬ್ಬರು ಒಂದೊಂದು ದಾಳ ಎಸೆಯಿರಿ, ಹೆಚ್ಚು ಬಿದ್ದವರ ಮಾತು ಆ ದಿನಕ್ಕೆ ನಿಯಮ. ಸಮ ಬಿದ್ದರೆ ಮತ್ತೆ ಎಸೆಯಿರಿ. ಆದರೆ ಪುಸ್ತಕ ತೆರೆಯದೆ ನೇರ ದಾಳಕ್ಕೆ ಕೈ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಸ್ಪಷ್ಟವಾಗಿ ಬರೆದಿರುವ ನಿಯಮವನ್ನು ದಾಳಕ್ಕೆ ಬಿಟ್ಟರೆ ಓದಿಕೊಂಡು ಬಂದವರಿಗೆ ಅನ್ಯಾಯ. ಇನ್ನೊಂದು, ದಾಳ ಹೇಳಿದ್ದು ಇಬ್ಬರಿಗೂ, ಆಟ ಮುಗಿಯುವ ತನಕ. ಎರಡನೇ ಸುತ್ತಿನಲ್ಲಿ ನಿಮಗೆ ಲಾಭ ಕೊಟ್ಟ ತೀರ್ಮಾನ ನಾಲ್ಕನೇ ಸುತ್ತಿನಲ್ಲಿ ಅವರಿಗೂ ಸಿಗಬೇಕು.

ಮೂರನೆಯವರು ಯಾರಾದರೂ ಕೂತು ನೋಡುತ್ತಿದ್ದರೆ ಅವರನ್ನೇ ಕೇಳಬಹುದು. ಇದು ಹಳೆಯ ಪದ್ಧತಿ. 1824ರಲ್ಲಿ ಪ್ರಷ್ಯಾದ ಸೈನ್ಯ ಒಪ್ಪಿಕೊಂಡ ಕ್ರೀಗ್‌ಸ್ಪೀಲ್ ಆಟದಲ್ಲೂ ತೀರ್ಪು ಹೇಳಲು ಮಧ್ಯಸ್ಥ ಇರುತ್ತಿದ್ದ. ಆದರೆ ಮೊದಲೇ ಇಬ್ಬರೂ ‘ಇವರು ಹೇಳಿದ್ದಕ್ಕೆ ಒಪ್ಪುತ್ತೇವೆ’ ಅನ್ನಬೇಕು. ತೀರ್ಪು ಬಂದ ಮೇಲೆ ಮುಖ ಊದಿಸಿದರೆ ಇನ್ನೊಮ್ಮೆ ಯಾರೂ ಹೇಳಲು ಬರುವುದಿಲ್ಲ.

ಆದರೆ ಅರ್ಧಕ್ಕರ್ಧ ತಕರಾರು ಆಟಕ್ಕೆ ಮೊದಲೇ ಮುಗಿಸಬಹುದು. ಚೆನ್ನೆಮಣೆ ಆಡಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಅದೇ ಹದಿನಾಲ್ಕು ಗುಳಿ, ಆದರೆ ಅಜ್ಜನ ಮನೆಯಲ್ಲಿ ಒಂದು ಕ್ರಮ, ಅತ್ತೆಯ ಮನೆಯಲ್ಲಿ ಇನ್ನೊಂದು. ಅದಕ್ಕೇ ಕೂರುವ ಮೊದಲೇ ಯಾವ ಕ್ರಮ ಎಂದು ಕೇಳಿಕೊಳ್ಳುವುದು. ಇಲ್ಲೂ ಹಾಗೆಯೇ ಕೇಳಿಕೊಳ್ಳಿ. ಈ ಥರ್ಮೋಕೋಲ್ ಗೋಡೆ ಪಾಳು ಕಟ್ಟಡವೋ, ಬರೀ ಅಡ್ಡಗೋಡೆಯೋ? ಅದರ ಗಡಿ ಎಲ್ಲಿಗೆ ಮುಗಿಯುತ್ತದೆ? ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಗೆರೆ ಎಳೆದುಬಿಡಿ. ಓರೆಯಾಗಿ ನಿಂತ ದಾಳ, ಮೇಜಿನಿಂದ ಕೆಳಗೆ ಬಿದ್ದ ದಾಳ ಲೆಕ್ಕಕ್ಕೆ ಉಂಟೋ ಇಲ್ಲವೋ ಅದೂ ಆಗಲೇ ತೀರ್ಮಾನವಾಗಲಿ.

ಆಡುವಾಗ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿ. ‘ಇವನನ್ನು ನಿಮ್ಮ ಟ್ಯಾಂಕಿಗೆ ಕಾಣದ ಹಾಗೆ ಇಡುತ್ತಿದ್ದೇನೆ, ಸರಿಯಾ?’ ಎಂದು ಕೇಳಿ, ಇಬ್ಬರೂ ಬಗ್ಗಿ ಗೊಂಬೆಯ ಎತ್ತರದಿಂದ ನೋಡಿ, ಬೇಕಾದರೆ ಲೇಸರ್ ಲೈಟ್ ಹಿಡಿಯಿರಿ. ಎದುರಾಳಿ ‘ಹೌದು, ಕಾಣುವುದಿಲ್ಲ’ ಅಂದ ಮೇಲೆ ಮುಂದಿನ ಸುತ್ತಿನಲ್ಲಿ ಕೈ ತಾಗಿ ಗೊಂಬೆ ಕೂದಲೆಳೆಯಷ್ಟು ಸರಿದರೂ ಜಗಳವಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಅಭ್ಯಾಸ ಇದೇ.

ಮರೆತ ಚಲನೆಯನ್ನು ಹಿಂದೆ ಹೋಗಿ ಮಾಡಬಹುದಾ? ಅದರ ನಂತರ ಯಾರೂ ದಾಳ ಎಸೆಯದಿದ್ದರೆ ಬಿಡಿ, ಮಾಡಲಿ. ಎಸೆದಾಗಿದ್ದರೆ ಬೇಡ.

ತಾಳಮದ್ದಳೆಯಲ್ಲಿ ವಾದ ಬೆಳೆದಷ್ಟೂ ಚಂದ, ಮೇಜಿನಲ್ಲಿ ಅದು ಮನೆಗೆ ಹೋಗುವ ಬಸ್ಸು ತಪ್ಪಿಸುತ್ತದೆ. ದಾಳದಲ್ಲಿ ತೀರ್ಮಾನವಾದದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ತಾರೀಕು ಸಮೇತ. ಆ ವಾರ ಯಾರಾದರೂ ಒಬ್ಬರು ಪುಸ್ತಕ, ತಿದ್ದುಪಡಿ ಎರಡನ್ನೂ ನಿಧಾನವಾಗಿ ಓದಿ ಪಕ್ಕದಲ್ಲಿ ಸರಿ ಉತ್ತರ ಬರೆಯಲಿ. ಹೊಸಬರು ಬಂದ ದಿನ ಆಟಕ್ಕೆ ಮೊದಲು ಆ ನೋಟ್‌ಬುಕ್ ಅವರ ಕೈಗೆ ಕೊಡಿ, ಒಪ್ಪಿಗೆ ಇಲ್ಲದ್ದನ್ನು ಅವರು ಆಗಲೇ ಹೇಳಲಿ.