ಐದು ತಾಲ್ಲೂಕು, 10,958 ದಿನ: ವೆಕ್ಟರ್ ಶುರುವಾಗುವ ಖರ್ಚು ಅಳೆದದ್ದು

ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ. ಈ ಐದು ತಾಲ್ಲೂಕುಗಳ 1991ರಿಂದ 2020ರವರೆಗಿನ ದಿನವಹಿ ಮಳೆಯನ್ನು ನಂಪೈಗೆ (ಅಂಕಿಗಳ ಪಟ್ಟಿಯನ್ನು, ಅಂದರೆ ಅರೇಯನ್ನು, ಒಟ್ಟಿಗೇ ಲೆಕ್ಕಹಾಕುವ ಪೈಥಾನ್ ಲೈಬ್ರರಿ) ತುಂಬಿದರೆ 10,958 ಸಾಲು, ಐದು ಕಾಲಂ. ಇಂಚನ್ನು ಮಿಲಿಮೀಟರ್ ಮಾಡುವಂಥ ಸಣ್ಣ ಲೆಕ್ಕವೂ ವೆಕ್ಟರನ್ನು (ಒಂದೇ ಕರೆಯಲ್ಲಿ ಲೆಕ್ಕವಾಗುವ ಅಂಕಿಗಳ ಸಾಲನ್ನು) ಯಾವ ದಿಕ್ಕಿಗೆ ಓಡಿಸುತ್ತೀರಿ ಎಂಬುದರ ಮೇಲೆ ನೂರು ಪಟ್ಟಿಗೂ ಮೀರಿ ನಿಧಾನವಾಗಬಹುದು.

ಸಾಲು ಎಷ್ಟೇ ಉದ್ದವಿರಲಿ, ಪ್ರತಿ ಕರೆಗೂ ತಪ್ಪದ ಶುರುವಿನ ಖರ್ಚೇ ಇದಕ್ಕೆ ಕಾರಣ. ಮೊದಲು ಅದರ ಅಳತೆ. 1, 10, 100, 1000 ಅಂಕಿಗಳ ಅರೇಗಳಿಗೆ ಅದೇ ಗುಣಾಕಾರವನ್ನು ಪೈಥಾನಿನ ವೇಳೆ ಅಳೆಯುವ ಸಾಧನ ಟೈಮ್‌ಇಟ್‌ನಲ್ಲಿ ಲಕ್ಷ ಸಲ ಓಡಿಸಿ, ಸರಾಸರಿ ಬಿಟ್ಟು ಕನಿಷ್ಠ ವೇಳೆ ಹಿಡಿಯುತ್ತೇನೆ. ಸರಾಸರಿಯಲ್ಲಿ ಬೇರೆ ಪ್ರೋಗ್ರಾಂಗಳ ಗಲಾಟೆ ಸೇರಿರುತ್ತದೆ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದಾಗ ಬಂದ ಅಂಕಿ ಬೇಡ, ಆಗ ಪ್ರೊಸೆಸರ್ ವೇಗವೇ ಕಡಿಮೆಯಾಗಿರಬಹುದು. ಉದ್ದಕ್ಕೆ ಎದುರಾಗಿ ವೇಳೆಯ ಗ್ರಾಫ್ ಎಳೆದರೆ ಹೆಚ್ಚುಕಡಿಮೆ ನೇರ ಗೆರೆ. ಶೂನ್ಯ ಉದ್ದದಲ್ಲಿ ಅದು ನಿಲ್ಲುವ ಎತ್ತರವೇ ಶುರುವಿನ ಖರ್ಚು: ನನ್ನಲ್ಲಿ ಸುಮಾರು 500 ನ್ಯಾನೊಸೆಕೆಂಡ್. ಗೆರೆಯ ಇಳಿಜಾರು, ಅಂದರೆ ಒಂದು ಅಂಕಿ ಹೆಚ್ಚಿದರೆ ಹೆಚ್ಚುವ ವೇಳೆ, ಅರ್ಧ ನ್ಯಾನೊಸೆಕೆಂಡ್. ಮೊದಲನೆಯದನ್ನು ಇದರಿಂದ ಭಾಗಿಸಿದರೆ 1000. ಇದನ್ನೇ ಕಂಪ್ಯೂಟರ್ ವಿಜ್ಞಾನಿ ರೋಜರ್ ಹಾಕ್ನಿ ಎನ್-ಹಾಫ್ ಎಂದದ್ದು: ಗರಿಷ್ಠ ವೇಗದ ಅರ್ಧ ಸಿಗಬೇಕಾದರೆ ಇರಬೇಕಾದ ವೆಕ್ಟರ್ ಉದ್ದ.

ಹಳೆಯ ಸೂಪರ್‌ಕಂಪ್ಯೂಟರ್ ಸ್ಟಾರ್-100ರಲ್ಲಿ ಈ ಶುರುವಿನ ಖರ್ಚು ಮೆಮೊರಿಯಿಂದ ಮೆಮೊರಿಗೆ ಹರಿಯುವ ಪೈಪ್‌ಲೈನ್ (ಲೆಕ್ಕವನ್ನು ಹಂತಹಂತವಾಗಿ ಸಾಗಿಸುವ ಸಾಲು) ತುಂಬುವುದರದ್ದು. 1976ರ ಕ್ರೇ-1 64 ಅಂಕಿಗಳ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ವೇಗದ ಜಾಗ) ಇಟ್ಟು ಅದನ್ನು ತಗ್ಗಿಸಿತು. ನಂಪೈಯಲ್ಲಿ ಬಹುಪಾಲು ಪೈಥಾನ್ ಕರೆ, ಟೈಪ್ ತಪಾಸಣೆ, ಉತ್ತರಕ್ಕೆ ಜಾಗ ಹುಡುಕುವುದು. ಔಟ್ ಎಂಬ ಆರ್ಗ್ಯುಮೆಂಟಿಗೆ ಸಿದ್ಧ ಅರೇ ಕೊಟ್ಟರೆ ಈ ಕೊನೆಯ ಖರ್ಚು ತಪ್ಪುತ್ತದೆ.

ಈಗ ಮಳೆ ಲೆಕ್ಕ. ದಿನಕ್ಕೊಂದು ಕರೆ ಎಂದರೆ ಐದೈದು ಅಂಕಿಗಳ 10,958 ಕರೆ: ಶುರುವಿಗೇ 5.5 ಮಿಲಿಸೆಕೆಂಡ್, ಸಾಲು ಕತ್ತರಿಸುವ ಖರ್ಚು ಬೇರೆ. ತಾಲ್ಲೂಕಿಗೊಂದು ಕರೆ ಎಂದರೆ ಐದೇ ಕರೆ: ಶುರುವಿಗೆ 2.5 ಮೈಕ್ರೊಸೆಕೆಂಡ್, ಅಂಕಿಗಳಿಗೆ 27.

ಇಲ್ಲೊಂದು ಕೊಕ್ಕೆ ಇದೆ. ಅರೇ ಸಾಲುವಾರು ಕೂತಿದ್ದರೆ ಒಂದು ತಾಲ್ಲೂಕಿನ ಅಂಕಿಗಳು 40 ಬೈಟ್‌ಗೊಂದರಂತೆ ಚದುರಿರುತ್ತವೆ. 64 ಬೈಟಿನ ಕ್ಯಾಶ್ ಲೈನ್ (ಪ್ರೊಸೆಸರ್ ಮೆಮೊರಿಯಿಂದ ಒಮ್ಮೆಗೆ ತರುವ ತುಂಡು) ತಂದು ಒಂದೆರಡನ್ನಷ್ಟೇ ಬಳಸಿದ ಹಾಗೆ. ಆಗ ಆ 27 ಸಿಗುವುದಿಲ್ಲ. ಟ್ರಾನ್ಸ್‌ಪೋಸ್ (ಸಾಲು-ಕಾಲಂ ಅದಲುಬದಲು) ಮಾಡಿದರಷ್ಟೇ ಸಾಲದು, ಅದು ಮೆಮೊರಿಯಲ್ಲಿ ಅಂಕಿಗಳನ್ನು ಸರಿಸುವುದೇ ಇಲ್ಲ. ಮಾಡಿದ ಮೇಲೆ ಅಂಕಿಗಳನ್ನು ಒತ್ತಟ್ಟಿಗೆ ಕೂರಿಸುವ ನಂಪೈ ಫಂಕ್ಷನ್ ಆಸ್‌ಕಂಟಿಗ್ಯುಯಸ್‌ಅರೇಯಿಂದ ಒಮ್ಮೆ ನಕಲು ತೆಗೆಯಿರಿ. ಉದ್ದ ಹೆಚ್ಚಿ ಡೇಟಾ 32 ಕಿಲೋಬೈಟಿನ ಎಲ್-1 ಕ್ಯಾಶ್ (ಪ್ರೊಸೆಸರಿಗೆ ತೀರ ಹತ್ತಿರದ ಸಣ್ಣ ಮೆಮೊರಿ) ದಾಟಿದ ಮೇಲೂ ಇಳಿಜಾರು ಬದಲಾಗಬಹುದು, ಆದ್ದರಿಂದ ಗ್ರಾಫಿನ ಗೆರೆಯನ್ನು ಅದಕ್ಕೂ ಮೊದಲಿನ ಬಿಂದುಗಳಿಗೇ ಹೊಂದಿಸಬೇಕು.

ಮಣ್ಣಿನ ತೇವದ ಲೆಕ್ಕಕ್ಕೆ ಇದ್ಯಾವುದೂ ಒಗ್ಗದು. ಇವತ್ತಿನ ತೇವಕ್ಕೆ ನಿನ್ನೆಯದು ಬೇಕು, ಹಾಗಾಗಿ ದಿನಗಳ ದಿಕ್ಕಿನಲ್ಲಿ ವೆಕ್ಟರ್ ಆಗುವುದಿಲ್ಲ; ಉಳಿಯುವುದು ಐದರ ಉದ್ದ. ಅಲ್ಲಿ ನಂಪೈಗಿಂತ ಪೈಥಾನಿನ ಬರೀ ಲಿಸ್ಟ್ ಲೂಪೇ ಮೇಲು, ಪೈಥಾನ್ ಲೂಪನ್ನು ಯಂತ್ರಭಾಷೆಗೆ ಕಂಪೈಲ್ ಮಾಡುವ ನಂಬಾ ಹಾಕಿದರೆ ಇನ್ನೂ ಮೇಲು. ನಂಬಾದ ಮೊದಲ ಕರೆಯಲ್ಲಿ ಕಂಪೈಲ್ ವೇಳೆಯೂ ಸೇರಿರುತ್ತದೆ, ಅದನ್ನು ಅಳತೆಯಿಂದ ಹೊರಗಿಡಿ.