ವಾಲಿ ಕಥೆಯನ್ನು ಎಲ್ಲಿಂದ ಶುರು ಮಾಡುತ್ತಾನೆ?

ತಾಳಮದ್ದಳೆ ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ನಟನಿಗೆ ಅಡಗಿಕೊಳ್ಳಲು ಜಾಗವೇ ಇಲ್ಲ. ಕಿರೀಟ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದು, ಕೂತಲ್ಲೇ ಕೂತು ನಾನೇ ವಾಲಿ ಅನ್ನಬೇಕು. ಜನ ನಂಬಬೇಕು. ಪದ್ಯ ಹಾಡುವುದು ಭಾಗವತರು, ಅದಕ್ಕೆ ಪಾತ್ರವಾಗಿ ಆಡುವ ಮಾತು, ಅಂದರೆ ಅರ್ಥ, ನಮ್ಮದು. ಬರೆದಿಟ್ಟ ಮಾತು ಒಂದೂ ಇರುವುದಿಲ್ಲ. ಎದುರಿಗೆ ಕೂತವರು ಏನು ಕೇಳುತ್ತಾರೋ ಅದೂ ಗೊತ್ತಿರುವುದಿಲ್ಲ.

ಇದು ನನ್ನ ಹೊಟ್ಟೆಪಾಡಲ್ಲ. ಹಗಲು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಸಂಜೆಗಳಲ್ಲಿ ತಾಳಮದ್ದಳೆ ಕೂಟಕ್ಕೆ ಹೋಗುತ್ತೇನೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡದಲ್ಲಿ ನನ್ನಂಥವರು ಬಹಳ. ಮೇಷ್ಟ್ರು, ವಕೀಲರು, ಅಡಿಕೆ ತೋಟದವರು. ಇವತ್ತು ರಾಮನಾದವನು ನಾಳೆ ವಾಲಿ. ಈ ಅದಲುಬದಲು ನನಗೆ ಕಲಿಸಿದಷ್ಟು ಬೇರೆ ಯಾವುದೂ ಕಲಿಸಿಲ್ಲ.

ಪಾತ್ರ ಮೊದಲು ಬಾಯಿ ಬಿಡುವುದು ಪೀಠಿಕೆಯಲ್ಲಿ. ತಾನು ಯಾರು, ಏನಾಯಿತು, ಈಗ ಯಾಕೆ ಹೀಗಿದ್ದೇನೆ ಅಂತ ಹೇಳಿಕೊಳ್ಳುವ ಮಾತು ಅದು. ಹೊಸಬರು ಪೀಠಿಕೆ ಅಂದರೆ ಪಾಂಡಿತ್ಯ ತೋರಿಸುವ ಜಾಗ ಅಂದುಕೊಳ್ಳುತ್ತಾರೆ. ನಾನು ನೋಡುವುದು ಒಂದೇ: ಈತ ತನ್ನ ಕಥೆಯನ್ನು ಎಲ್ಲಿಂದ ಶುರು ಮಾಡುತ್ತಾನೆ?

ವಾಲಿ ಶುರು ಮಾಡುವುದು ಬಂಡೆಯಿಂದ. ಮಾಯಾವಿ ಅನ್ನುವ ಅಸುರನನ್ನು ಗುಹೆಯೊಳಗೆ ಕೊಂದು ಅದರ ಬಾಯಿಗೆ ಬಂದರೆ ಬಂಡೆ ಅಡ್ಡ ಇದೆ. ಸುಗ್ರೀವಾ, ಸುಗ್ರೀವಾ ಅಂತ ಕೂಗುತ್ತಾನೆ. ಉತ್ತರ ಇಲ್ಲ. ಒದ್ದು ಹೊರಗೆ ಬಂದು ಊರಿಗೆ ಹೋದರೆ ತಮ್ಮ ಸಿಂಹಾಸನದ ಮೇಲಿದ್ದಾನೆ. ಸುಗ್ರೀವ ಶುರು ಮಾಡುವುದು ಅದಕ್ಕೂ ಮೊದಲಿಂದ. ಒಂದು ವರ್ಷ ಗುಹೆಯ ಬಾಯಲ್ಲಿ ಕಾದೆ. ನೊರೆ ನೊರೆಯಾಗಿ ರಕ್ತ ಹರಿದು ಬಂತು. ಅಣ್ಣ ಸತ್ತ ಅಂದುಕೊಂಡು ಗುಹೆಗೆ ಬಂಡೆ ಮುಚ್ಚಿ, ತರ್ಪಣ ಬಿಟ್ಟು ಬಂದೆ. ಇವೆರಡೂ ವಾಲ್ಮೀಕಿಯಲ್ಲೇ ಇವೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ತನ್ನ ಹೆಸರಿಗೆ ತರ್ಪಣ ಬಿಟ್ಟಾಗಿದೆ ಅಂತ ಗೊತ್ತಿಲ್ಲದೆ ಒಬ್ಬ ಒಳಗಿಂದ ಕೂಗುತ್ತಿದ್ದಾನೆ. ಇದು ಹೊಳೆದ ಮೇಲೆ ನನ್ನ ಸುಗ್ರೀವ ಅಳುಬುರುಕ ಆಗಿ ಉಳಿಯಲಿಲ್ಲ. ಸಾಮಾನ್ಯವಾಗಿ ಅವನನ್ನು ಹಾಗೇ ಮಾಡಿಬಿಡುತ್ತಾರೆ, ಪಾಪ.

ಹೊಳೆದದ್ದು ಪುಸ್ತಕ ಓದಿ ಅಲ್ಲ, ಮನೆಯಲ್ಲಿ. ನಮ್ಮ ಅಪ್ಪ ಮತ್ತು ಚಿಕ್ಕಪ್ಪ ತೋಟ ಪಾಲಾದ ಮೇಲೆ ಸರಿಯಾಗಿ ಮಾತಾಡಿದವರಲ್ಲ. ಅಪ್ಪ ಕಥೆ ಶುರು ಮಾಡುವುದು ತಾನು ಶಾಲೆ ಬಿಟ್ಟು ತೋಟಕ್ಕಿಳಿದ ವರ್ಷದಿಂದ. ಚಿಕ್ಕಪ್ಪ ಶುರು ಮಾಡುವುದು ಕೆರೆ ಅಣ್ಣನ ಪಾಲಿಗೆ ಹೋದ ದಿನದಿಂದ. ಅಪ್ಪನ ಕಥೆಯಲ್ಲಿ ಕೆರೆಯೇ ಬರುವುದಿಲ್ಲ. ಚಿಕ್ಕಪ್ಪನ ಕಥೆಯಲ್ಲಿ ಶಾಲೆ ಬರುವುದಿಲ್ಲ. ಚಿಕ್ಕಂದಿನಿಂದ ಎರಡನ್ನೂ ಕೇಳಿದವನು ನಾನು. ಅರ್ಥಗಾರಿಕೆಗೆ ಇದಕ್ಕಿಂತ ಒಳ್ಳೆಯ ತರಬೇತಿ ಎಲ್ಲಿ ಸಿಗುತ್ತದೆ ಹೇಳಿ!

ಹಾಗಾಗಿ ಏನು ಹೇಳಬೇಕು ಅನ್ನುವಷ್ಟೇ ಏನು ಬಿಡಬೇಕು ಅಂತಲೂ ಯೋಚಿಸುತ್ತೇನೆ. ನನ್ನ ವಾಲಿ ಪೀಠಿಕೆಯಲ್ಲಿ ರುಮೆಯ ಹೆಸರನ್ನೇ ಎತ್ತುವುದಿಲ್ಲ. ತಮ್ಮನನ್ನು ಓಡಿಸಿದ್ದು ಹೇಳುತ್ತಾನೆ, ಅವನ ಹೆಂಡತಿಯನ್ನು ಇಟ್ಟುಕೊಂಡದ್ದು ಹೇಳುವುದಿಲ್ಲ. ಮುಚ್ಚಿಡುತ್ತಿದ್ದೇನೆ ಅಂತ ಅವನಿಗೇ ಅನ್ನಿಸಬಾರದು, ಅದು ಮುಖ್ಯ. ನಿಜ ಜೀವನದಲ್ಲೂ ಯಾರೂ ಬೇಕಂತಲೇ ಬಿಡುವುದಿಲ್ಲ. ನೆನಪಿಗೇ ಬರುವುದಿಲ್ಲ, ಅಷ್ಟೆ.

ಬಾಣ ಬಿದ್ದ ಮೇಲಿನ ಸಂವಾದವೇ ಕೂಟದ ಜೀವ. ವಾಲಿ ರಾಮನನ್ನು ಕೇಳುತ್ತಾನೆ: ನಾನು ಪ್ರಾಣಿ, ಬೇಟೆಯಾಡಿದೆ ಅನ್ನುತ್ತೀಯಲ್ಲ, ಹಾಗಿದ್ದರೆ ಮನುಷ್ಯರ ಧರ್ಮ ಹಿಡಿದು ನನಗೆ ಶಿಕ್ಷೆ ಹೇಗೆ ಕೊಟ್ಟೆ? ಈ ಪ್ರಶ್ನೆ ಹಿಡಿದುಕೊಂಡು ರಾಮನನ್ನು ಕಟ್ಟಿಹಾಕುವ ಅರ್ಥಧಾರಿಗಳಿದ್ದಾರೆ. ಬಿಡುವುದೇ ಇಲ್ಲ. ಕೊನೆಗೆ ಭಾಗವತರೇ ಜಾಗಟೆಗೆ ಒಂದು ಪೆಟ್ಟು ಕೊಟ್ಟು ಪದ್ಯ ಎತ್ತಬೇಕಾಗುತ್ತದೆ. ಚಪ್ಪಾಳೆ ಜೋರಾಗಿ ಬೀಳುತ್ತದೆ, ನಿಜ. ಆದರೆ ಅಲ್ಲಿಗೆ ಪಾತ್ರ ಸತ್ತಿರುತ್ತದೆ. ವಾದದಲ್ಲಿ ಗೆದ್ದ ವಾಲಿ ಮುಂದಿನ ಪದ್ಯಕ್ಕೆ ರಾಮನಿಗೆ ಶರಣಾದರೆ ಯಾರು ನಂಬುತ್ತಾರೆ? ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಎಷ್ಟು ಹೆಸರುವಾಸಿ ಅಂದರೆ, ಆ ಧ್ವನಿಯನ್ನೇ ಅನುಕರಿಸುವವರು ಇನ್ನೂ ಇದ್ದಾರೆ. ಧ್ವನಿ ಬರಬಹುದು ಮಾರಾಯ್ರೆ, ಆ ಯೋಚನೆ ಬರಬೇಕಲ್ಲ.

ನಾನು ಮಾಡುವುದು ಹೀಗೆ. ರಾಮ ರುಮೆಯ ಹೆಸರು ಎತ್ತುವ ತನಕ ಏರುದನಿ. ಎತ್ತಿದ ಮೇಲೆ ಸುಮ್ನೆ ಕೂರುತ್ತೇನೆ. ಮೈಕಿನ ಮುಂದೆ ಆ ಮೌನ ಕಷ್ಟ. ಮಾತು ಮರೆತ ಅಂದುಕೊಂಡಾರು ಅಂತ ಅಂಜಿಕೆ. ಆದರೂ ತಡೆದುಕೊಳ್ಳಬೇಕು. ಆಮೇಲೆ ವಾಲಿ ರಾಜ್ಯದ ಮಾತೇ ಆಡುವುದಿಲ್ಲ. ಅಂಗದನನ್ನು ನೋಡಿಕೊಳ್ಳಿ ಅನ್ನುತ್ತಾನೆ. ಅವನ ಕಥೆ ಬಂಡೆಯಿಂದ ಶುರುವಾಗಿತ್ತಲ್ಲ, ಮಗನ ಹೆಸರು ಬಂದ ಕೂಡಲೇ ಆ ಬಂಡೆ ಅವನಿಗೇ ಬೇಡವಾಗುತ್ತದೆ. ನನಗೆ ಮಗ ಹುಟ್ಟುವ ಮೊದಲು ಈ ಜಾಗವನ್ನು ಬೇಗ ದಾಟಿಬಿಡುತ್ತಿದ್ದೆ.

ಒಮ್ಮೆ ನಮ್ಮೂರ ದೇವಸ್ಥಾನದಲ್ಲೇ ಕೂಟ. ಅಪ್ಪ ಮುಂದಿನ ಸಾಲಿನಲ್ಲಿ, ಚಿಕ್ಕಪ್ಪ ಬಾಗಿಲ ಹತ್ತಿರ. ಮುಗಿದ ಮೇಲೆ ಅಪ್ಪ, "ವಾಲಿ ಕೇಳಿದ್ದರಲ್ಲಿ ತಪ್ಪೇನಿಲ್ಲ" ಅಂದರು. ಇದು ನಿರೀಕ್ಷಿತವೇ. ಮರುದಿನ ಚಿಕ್ಕಪ್ಪ ಪೇಟೆಯಲ್ಲಿ ಸಿಕ್ಕಿ, "ವಾಲಿಗೆ ಅನ್ಯಾಯವೇ ಆಯ್ತು ನೋಡು" ಅಂದರು. ತಮ್ಮನಾಗಿ ಹುಟ್ಟಿದವರೂ ಸುಗ್ರೀವನ ಪಕ್ಷ ಹಿಡಿಯಲಿಲ್ಲ. ಗುಹೆಯೊಳಗೆ ಸಿಕ್ಕಿಕೊಂಡವನು ತಾನೇ ಅಂತ ಇಬ್ಬರಿಗೂ ಅನ್ನಿಸಿದೆ.

ಈ ಮಳೆಗಾಲ ತಾಳಮದ್ದಳೆ ಸಂಘದವರು ನನಗೆ ವಾಲಿಯ ಹೆಂಡತಿ ತಾರೆಯ ಅರ್ಥ ಕೊಟ್ಟಿದ್ದಾರೆ. ಪದ್ಯ ಜಾಸ್ತಿ ಇಲ್ಲ, ತೂಕ ಮಾತ್ರ ಬಹಳ. ತಮ್ಮನಿಗೆ ಯುವರಾಜ ಪಟ್ಟ ಕೊಟ್ಟು ರಾಜಿ ಮಾಡಿಕೋ ಅಂತ ವಾಲಿಗೆ ಹೇಳಿದವಳು ಅವಳೊಬ್ಬಳೇ. ಅವಳ ಪೀಠಿಕೆ ಎಲ್ಲಿಂದ ಶುರು ಮಾಡಲಿ ಅಂತ ಹೆಂಡತಿಯನ್ನು ಕೇಳಿದೆ.

"ಗಂಡ ಯುದ್ಧಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ. ಅವಳಿಗೆ ಪೀಠಿಕೆಗೆ ಪುರುಸೊತ್ತು ಎಲ್ಲಿದೆ? ನೇರ ವಿಷಯಕ್ಕೆ ಬನ್ನಿ" ಅಂದಳು.

ಹಾಗೇ ಮಾಡುವುದು ಅಂತಿದ್ದೇನೆ.